ಮೊದಲು ಟೈರಾ, ಲಾಕರಾ? ಸಿಕ್ಕಿಬಿದ್ದ ಚಕ್ರವನ್ನೇ ಕೇಳಿ

ಫೋರ್ ವೀಲ್ ಡ್ರೈವ್ ಟ್ರಕ್ ಕೈಗೆ ಬಂದಾಯಿತು. ಎರಡು ಮೂರು ಸಲ ಕಲ್ಲುದಾರಿ ಹತ್ತಿಳಿದೂ ಆಯಿತು. ಒಂದು ಸಲ ಕೆಸರಲ್ಲಿ ಹೂತುಕೊಂಡು ಇನ್ನೊಂದು ಗಾಡಿಯಿಂದ ಎಳೆಸಿಕೊಂಡಿದ್ದೂ ಆಯಿತು. ಆ ಸಂಜೆಯಿಂದಲೇ ತಲೆಯಲ್ಲಿ ಒಂದೇ ಪ್ರಶ್ನೆ: ಮೊದಲು ಯಾವುದಕ್ಕೆ ದುಡ್ಡು ಹಾಕಲಿ?

ಕೇಳಿದರೆ ತಲೆಗೊಂದು ಉತ್ತರ. ಲಾಕರ್, ಅಂದರೆ ಎಡ ಬಲ ಚಕ್ರಗಳು ಒಟ್ಟಿಗೇ ತಿರುಗುವಂತೆ ಬಿಗಿಯುವ ಸಾಧನ, ಇಲ್ಲದ ಗಾಡಿ ಗಾಡಿಯೇ ಅಲ್ಲ ಅನ್ನುವವರಿದ್ದಾರೆ. ಟೈರ್ ಬದಲಿಸು ಸಾಕು ಅನ್ನುವವರಿದ್ದಾರೆ. ಗಾಡಿ ಎತ್ತರಿಸು, ಹಗ್ಗ ಸುತ್ತಿ ಗಾಡಿ ಎಳೆಯುವ ವಿಂಚ್ ಹಾಕಿಸು ಅನ್ನುವವರೂ ಇದ್ದಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬೊಬ್ಬರೂ ತಾವು ಸಿಕ್ಕಿಬಿದ್ದ ಜಾಗವನ್ನು ಮನಸ್ಸಲ್ಲಿಟ್ಟುಕೊಂಡು ಮಾತಾಡುತ್ತಾರೆ, ಅಷ್ಟೇ. ನಿಮಗೆ ಬೇಕಾದ ಉತ್ತರ ನೀವು ಸಿಕ್ಕಿಬಿದ್ದ ಜಾಗದಲ್ಲಿದೆ. ಅಲ್ಲಿ ಯಾವ ಚಕ್ರ ಸುಮ್ನೆ ತಿರುಗುತ್ತಿತ್ತು, ಯಾವುದು ಅಲ್ಲಾಡದೆ ನಿಂತಿತ್ತು? ಇದು ಗೊತ್ತಾದರೆ ಅರ್ಧ ಲೆಕ್ಕ ಮುಗಿದ ಹಾಗೆ.

ಆದ್ದರಿಂದ ಮುಂದಿನ ಸಲ ಗಾಡಿ ನಿಂತಾಗ ಆಕ್ಸಿಲರೇಟರ್ ತುಳಿಯುತ್ತಾ ಕೂರಬೇಡಿ. ಜೊತೆಗಿರುವವರನ್ನು ಇಳಿಸಿ. ಪಕ್ಕದಲ್ಲಿ, ಕಲ್ಲು ಮಣ್ಣು ಸಿಡಿಯದಷ್ಟು ದೂರ ನಿಂತು ನಾಲ್ಕೂ ಚಕ್ರಗಳನ್ನು ಫೋನಿನಲ್ಲಿ ಚಿತ್ರೀಕರಿಸಲು ಹೇಳಿ. ಒಂದೆರಡು ಸೆಕೆಂಡ್ ಮಾತ್ರ ಮೆಲ್ಲಗೆ ಎಕ್ಸಿಲರೇಟರ್ ಕೊಡಿ. ಸಾವಿರ ಜನರ ಸಲಹೆಗಿಂತ ಆ ಚಿಕ್ಕ ವಿಡಿಯೋ ಜಾಸ್ತಿ ಹೇಳುತ್ತದೆ.

ನಾಲ್ಕೂ ಚಕ್ರ ಎಲ್ಲಿ ಎಳೆಯುತ್ತವೆ?

ಫೋರ್ ವೀಲ್ ಡ್ರೈವ್ ಅಂದರೆ ನಾಲ್ಕೂ ಚಕ್ರ ಸಮನಾಗಿ ಎಳೆಯುತ್ತವೆ ಅಂದುಕೊಳ್ಳುತ್ತೇವೆ ಅಲ್ವಾ? ಹಾಗಿಲ್ಲ. ಹೆಚ್ಚಿನ ಟ್ರಕ್‌ಗಳಲ್ಲಿ ಫೋರ್ ವೀಲ್ ಹಾಕಿದಾಗ ಟ್ರಾನ್ಸ್‌ಫರ್ ಕೇಸ್ ಅನ್ನುವ ಗೇರ್ ಪೆಟ್ಟಿಗೆ ಮುಂದಿನ ಆಕ್ಸಲ್ ಮತ್ತು ಹಿಂದಿನ ಆಕ್ಸಲ್ ಎರಡನ್ನೂ ಒಂದೇ ವೇಗಕ್ಕೆ ಕಟ್ಟಿಹಾಕುತ್ತದೆ. ಅದರ ಕೆಲಸ ಅಲ್ಲಿಗೆ ಮುಗಿಯಿತು. ಒಂದು ಆಕ್ಸಲ್‌ನ ಎಡ ಬಲ ಚಕ್ರಗಳ ನಡುವೆ ಕೂತಿರುವುದು ಡಿಫರೆನ್ಷಿಯಲ್. ಅಸಲಿ ಆಟ ನಡೆಯುವುದು ಅಲ್ಲಿ.

ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಹೋಗಬೇಕು, ಒಳಗಿನದು ಕಡಿಮೆ. ಇಬ್ಬರಿಗೂ ಬೇರೆ ಬೇರೆ ವೇಗ ಬಿಟ್ಟುಕೊಡುವುದಕ್ಕೆ ಡಿಫರೆನ್ಷಿಯಲ್ ಇದೆ. ವೇಗ ಬೇರೆಯಾದರೂ ಎರಡೂ ಕಡೆಗೆ ಅದು ಹಂಚುವ ತಿರುಗುಬಲ, ಅಂದರೆ ಟಾರ್ಕ್, ಹೆಚ್ಚುಕಡಿಮೆ ಸಮ. ಟಾರ್ ರಸ್ತೆಯಲ್ಲಿ ಇದು ವರ. ಕಾಡಿನಲ್ಲಿ ಇದೇ ಶಾಪ. ಏಕೆಂದರೆ ಜಾರುತ್ತಿರುವ ಚಕ್ರ ಎಷ್ಟು ಟಾರ್ಕ್ ತಡೆದುಕೊಳ್ಳುತ್ತದೋ, ಗಟ್ಟಿ ನೆಲದ ಮೇಲಿರುವ ಚಕ್ರಕ್ಕೂ ಅಷ್ಟೇ ಸಿಗುತ್ತದೆ. ಬಡವನಿಗೆ ಎಷ್ಟೋ ಬಲ್ಲಿದನಿಗೂ ಅಷ್ಟೇ.

ಒಂದು ಲೆಕ್ಕ ಹಾಕೋಣ. ಅಂಕಿಗಳು ಅರ್ಥವಾಗಲಿ ಅಂತ ಹಿಡಿದವು, ಅಳೆದವಲ್ಲ. ಹಿಂದಿನ ಎಡ ಚಕ್ರ ಒದ್ದೆ ಜೇಡಿಮಣ್ಣಿನ ಮೇಲಿದೆ, 200 ನ್ಯೂಟನ್ ಮೀಟರ್ ಟಾರ್ಕ್ ದಾಟಿದರೆ ಜಾರುತ್ತದೆ. ಬಲ ಚಕ್ರ ಒಣ ಬಂಡೆಯ ಮೇಲಿದೆ, 1500ರ ತನಕ ತಡೆಯುತ್ತದೆ. ಆ ದಿಬ್ಬ ಹತ್ತಲು ಹಿಂದಿನ ಆಕ್ಸಲ್ 1000 ಕೊಡಬೇಕು. ಮಾಮೂಲಿ ಓಪನ್ ಡಿಫರೆನ್ಷಿಯಲ್ ಆದರೆ ಎಡಕ್ಕೆ 200, ಬಲಕ್ಕೂ 200. ಒಟ್ಟು 400. ಎಂಜಿನ್ ಎಷ್ಟೇ ದೊಡ್ಡದಿರಲಿ, ಗಾಡಿ ಹತ್ತುವುದಿಲ್ಲ. ಲಾಕರ್ ಹಾಕಿ ಎರಡೂ ಚಕ್ರಗಳನ್ನು ಒಂದೇ ಕಂಬಿಯಂತೆ ಬೆಸೆದರೆ ಎಡಕ್ಕೆ 200, ಬಲಕ್ಕೆ ಬೇಕಾದರೆ 1500ರ ತನಕ. ಗಾಡಿ ಆರಾಮಾಗಿ ಹತ್ತಿತು.

ಇಲ್ಲಿಗೆ ಲಾಕರ್ ಗೆದ್ದಂತೆ ಕಾಣುತ್ತದೆ. ಈಗ ಅದೇ ಗಾಡಿಯನ್ನು ಪೂರ್ತಿ ಕೆಸರಿನ ಬಯಲಿಗೆ ಒಯ್ಯಿರಿ. ಎಡ ಚಕ್ರಕ್ಕೂ 200, ಬಲ ಚಕ್ರಕ್ಕೂ 200. ಓಪನ್ ಆದರೂ 400, ಲಾಕ್ ಮಾಡಿದರೂ 400! ಲಾಕರ್ ಹಿಡಿತವನ್ನು ಹುಟ್ಟಿಸುವುದಿಲ್ಲ. ಇರುವ ಹಿಡಿತವನ್ನು ಪೋಲಾಗದಂತೆ ಬಳಸಿಕೊಳ್ಳುತ್ತದೆ. ಹಿಡಿತ ಹುಟ್ಟುವುದು ಟೈರ್ ಮತ್ತು ನೆಲ ಸೇರುವ ಜಾಗದಲ್ಲಿ ಮಾತ್ರ.

ನಯವಾದ ಹೈವೇ ಟೈರ್ ಇಟ್ಟುಕೊಂಡು ಮುಂದೆ ಹಿಂದೆ ಎರಡೂ ಕಡೆ ಲಾಕರ್ ಹಾಕಿಸಿದ್ದ ಒಂದು ಗಾಡಿಯನ್ನು ನಾನು ನೋಡಿದ್ದೇನೆ. ಒದ್ದೆ ಹುಲ್ಲಿನ ಇಳಿಜಾರಿನಲ್ಲಿ ನಾಲ್ಕೂ ಚಕ್ರ ಒಂದೇ ತಾಳಕ್ಕೆ, ಬಹಳ ಶಿಸ್ತಾಗಿ, ನಿಂತಲ್ಲೇ ತಿರುಗುತ್ತಿದ್ದವು. ನೋಡಲು ಚಂದ ಇತ್ತು. ಗಾಡಿ ಮಾತ್ರ ಕದಲಲಿಲ್ಲ.

ದುಡ್ಡಿಗೂ ಮೊದಲು ಗಾಳಿ

ಟೈರ್ ಅಂಗಡಿಗೆ ಹೋಗುವುದಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಇರುವ ಟೈರಿನ ಗಾಳಿ ಇಳಿಸುವುದು. ಇದನ್ನು ಎಷ್ಟು ಸಲ ಹೇಳಿದರೂ ಜನ ನಂಬುವುದಿಲ್ಲ, ಏಕೆಂದರೆ ಇದರಲ್ಲಿ ತೋರಿಸಿಕೊಳ್ಳುವಂಥ ಹೊಳೆಯುವ ಸಾಮಾನು ಏನೂ ಇಲ್ಲ.

ಟ್ರಕ್ 2400 ಕಿಲೋ ಇದೆ ಅಂತಿಟ್ಟುಕೊಳ್ಳಿ. ಒಂದು ಚಕ್ರದ ಮೇಲೆ 600 ಕಿಲೋ. ಟೈರಿನಲ್ಲಿ 35 ಪಿಎಸ್‌ಐ ಗಾಳಿ ಇದ್ದರೆ ಅದು ಚದರ ಸೆಂಟಿಮೀಟರಿಗೆ ಸುಮಾರು ಎರಡೂವರೆ ಕಿಲೋ ಒತ್ತಡ. ಹಾಗಾದರೆ ಆ 600 ಕಿಲೋ ಹೊರಲು ನೆಲಕ್ಕೆ ತಾಗಬೇಕಾದ ಜಾಗ ಸುಮಾರು 240 ಚದರ ಸೆಂಟಿಮೀಟರ್. ಒಂದು ಎ4 ಕಾಗದದ ಅರ್ಧಕ್ಕಿಂತ ಕಡಿಮೆ! ಗಾಳಿಯನ್ನು 18 ಪಿಎಸ್‌ಐಗೆ ಇಳಿಸಿ. ತಾಗುವ ಜಾಗ ಸುಮಾರು 470ಕ್ಕೆ ಏರುತ್ತದೆ, ಅಂದರೆ ಅದೇ ಕಾಗದದ ಮುಕ್ಕಾಲು ಭಾಗ. ಟೈರಿನ ಪಕ್ಕದ ಗೋಡೆಯೂ ಸ್ವಲ್ಪ ಭಾರ ಹೊರುವುದರಿಂದ ನಿಜವಾದ ಅಳತೆ ಇಷ್ಟು ಕರಾರುವಾಕ್ಕಾಗಿ ಬರುವುದಿಲ್ಲ. ಆದರೆ ದಿಕ್ಕು ಇದೇ.

ಟೈರ್ ಚಪ್ಪಟೆಯಾದರೆ ಅಗಲ ಆಗುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಗಲ ಸ್ವಲ್ಪ ಹೆಚ್ಚುತ್ತದೆ ನಿಜ, ಆದರೆ ಉದ್ದ ಅದಕ್ಕಿಂತ ಜಾಸ್ತಿ ಹೆಚ್ಚುತ್ತದೆ. ಚಕ್ರ ಒಂದು ಪುಟ್ಟ ಟ್ಯಾಂಕಿನ ಪಟ್ಟಿಯ ಹಾಗೆ ಆಗುತ್ತದೆ. ಮರಳಿನಲ್ಲಿ ಹೂತುಹೋಗುವ ಬದಲು ತೇಲುತ್ತದೆ. ಬಂಡೆಯ ಮೇಲೆ ಜಾರುವ ಬದಲು ಅದರ ಮೂಲೆಗಳನ್ನು ತಬ್ಬಿಕೊಳ್ಳುತ್ತದೆ. ಒಳಗೆ ಕೂತವರ ಬೆನ್ನಿಗೂ ನೆಮ್ಮದಿ.

ಎಷ್ಟು ಇಳಿಸಬೇಕು ಅನ್ನುವುದು ಗಾಡಿಯ ತೂಕ, ಟೈರಿನ ಗಟ್ಟಿತನ ಎರಡನ್ನೂ ಅವಲಂಬಿಸಿದೆ. ಶುರುಮಾಡಲು ಒಂದು ಅಂದಾಜು ಬೇಕಾದರೆ ಜಲ್ಲಿ ರಸ್ತೆಗೆ 25ರ ಆಸುಪಾಸು, ಕಲ್ಲು ಕೆಸರಿಗೆ 18ರಿಂದ 20, ಮೆತ್ತನೆ ಮರಳಿಗೆ 15ರ ಹತ್ತಿರ. ಅದಕ್ಕಿಂತ ಕೆಳಗೆ ಹೋದಷ್ಟೂ ಟೈರಿನ ಅಂಚು ರಿಮ್‌ನಿಂದ ಕಳಚುವ ಅಪಾಯ ಹೆಚ್ಚು, ಅದರಲ್ಲೂ ವೇಗದಲ್ಲಿ ಸ್ಟೀರಿಂಗ್ ತಟ್ಟನೆ ತಿರುಗಿಸಿದರೆ. ಗಾಳಿ ಇಳಿಸಿದ ಮೇಲೆ ನಿಧಾನವೇ ಮಂತ್ರ. ಟಾರ್ ರಸ್ತೆಗೆ ಬಂದ ಕೂಡಲೇ ತುಂಬಿಸಲೇಬೇಕು. ಕಡಿಮೆ ಗಾಳಿಯಲ್ಲಿ ಜೋರಾಗಿ ಓಡಿಸಿದರೆ ಪಕ್ಕದ ಗೋಡೆ ಮಡಚಿ ಮಡಚಿ ಕಾದು ಹರಿದುಹೋಗುತ್ತದೆ.

ಹಾಗಾಗಿ ನನ್ನ ಪ್ರಕಾರ ಮೊಟ್ಟಮೊದಲ ಖರೀದಿ ಟೈರೂ ಅಲ್ಲ, ಲಾಕರೂ ಅಲ್ಲ. ನಂಬಿಕೆಗೆ ಅರ್ಹವಾದ ಒಂದು ಪ್ರೆಷರ್ ಗೇಜ್, ಮತ್ತು ದೊಡ್ಡ ಟೈರುಗಳನ್ನು ಬಿಸಿಯಾಗಿ ನಿಲ್ಲದೆ ತುಂಬಿಸಬಲ್ಲ ಒಂದು 12 ವೋಲ್ಟ್ ಕಂಪ್ರೆಸರ್. ತುಂಬಿಸಲು ದಾರಿ ಇಲ್ಲದವರು ಗಾಳಿ ಇಳಿಸುವುದಿಲ್ಲ. ಅವರ ಸಮಸ್ಯೆ ಅರ್ಧ ಅಲ್ಲೇ ಇರುತ್ತದೆ.

ಟೈರಿನ ಸರದಿ

ಗಾಳಿ ಇಳಿಸಿಯೂ ನಾಲ್ಕು ಚಕ್ರ ಜಾರುತ್ತಿದ್ದರೆ, ಅಥವಾ ಟೈರ್ ಪದೇ ಪದೇ ಕಲ್ಲಿಗೆ ಕುಯ್ದುಕೊಳ್ಳುತ್ತಿದ್ದರೆ, ಟೈರ್ ಬದಲಿಸುವ ಹೊತ್ತು ಬಂತು. ಲಾಕರ್‌ಗಿಂತ ಮೊದಲು ಟೈರ್ ಅನ್ನುವುದಕ್ಕೆ ನನಗೆ ಇನ್ನೂ ಒಂದು ಕಾರಣವಿದೆ. ಲಾಕರ್ ಮುಂದಕ್ಕೆ ತಳ್ಳುವುದಕ್ಕೆ ಮಾತ್ರ ನೆರವಾಗುತ್ತದೆ. ಟೈರ್ ಬ್ರೇಕ್ ಹಿಡಿಯುವಾಗಲೂ, ತಿರುಗುವಾಗಲೂ, ಇಳಿಜಾರಿನಲ್ಲಿ ಗಾಡಿ ತಡೆಯುವಾಗಲೂ ಕೆಲಸ ಮಾಡುತ್ತದೆ. ಹತ್ತಲಾಗದಿದ್ದರೆ ವಾಪಸ್ ಬರಬಹುದು. ಇಳಿಯುವಾಗ ನಿಲ್ಲದಿದ್ದರೆ?

ಎಲ್ಲ ಬಗೆಯ ನೆಲಕ್ಕೆ ಅಂತ ಮಾಡಿದ ಆಲ್ ಟೆರೇನ್ ಟೈರ್ ಸಾಕೋ, ಕೆಸರಿಗೆಂದೇ ಮಾಡಿದ ಮಡ್ ಟೆರೇನ್ ಬೇಕೋ? ಹೆಚ್ಚಿನವರಿಗೆ ಆಲ್ ಟೆರೇನ್ ಸಾಕು. ಮಡ್ ಟೆರೇನ್‌ನ ದೊಡ್ಡ ಹಲ್ಲುಗಳ ನಡುವೆ ಅಗಲವಾದ ಸಂದುಗಳಿವೆ. ಚಕ್ರ ತಿರುಗಿದಾಗ ಅಂಟಿದ ಕೆಸರು ಅಲ್ಲಿಂದ ಹಾರಿಹೋಗುತ್ತದೆ, ಮುಂದಿನ ಸುತ್ತಿಗೆ ಸಂದು ಮತ್ತೆ ಖಾಲಿ. ಆಳವಾದ ಅಂಟು ಕೆಸರಿಗೆ ಇದಕ್ಕೆ ಸಾಟಿ ಇಲ್ಲ. ಆದರೆ ಒದ್ದೆ ಟಾರ್ ರಸ್ತೆಯಲ್ಲಿ ನೆಲಕ್ಕೆ ತಾಗುವ ರಬ್ಬರ್ ಕಡಿಮೆ, ಗಲಾಟೆ ಜಾಸ್ತಿ, ತೂಕವೂ ಜಾಸ್ತಿ. ಮರಳಿನಲ್ಲಿ ಆ ದೊಡ್ಡ ಹಲ್ಲುಗಳೇ ಸನಿಕೆಯಂತೆ ಗುಂಡಿ ತೋಡುತ್ತವೆ. ಹಿಮದ ನಾಡಿನವರು ಪಕ್ಕದ ಗೋಡೆಯ ಮೇಲೆ ಮೂರು ಶಿಖರದ ಬೆಟ್ಟ ಮತ್ತು ಹಿಮಹರಳಿನ ಗುರುತು ಇದೆಯೇ ನೋಡಬೇಕು. ಅದು ಹಿಮದ ಮೇಲಿನ ಪರೀಕ್ಷೆ ಪಾಸಾದ ಟೈರಿನ ಗುರುತು.

ಹಳೆಯ ಟೈರ್ ಇನ್ನೂ ಚೆನ್ನಾಗಿದೆ ಅನಿಸಿದರೆ ಪಕ್ಕದ ಗೋಡೆಯ ಮೇಲೆ ಡಾಟ್ (DOT) ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಅಂತ ಇದ್ದರೆ 2019ರ 23ನೇ ವಾರ ತಯಾರಾಗಿದ್ದು. ಹಲ್ಲು ಆಳವಾಗಿದ್ದರೂ ವರ್ಷ ಕಳೆದ ರಬ್ಬರ್ ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ. ಸೆಕೆಂಡ್ ಹ್ಯಾಂಡ್ ಟ್ರಕ್ ಕೊಂಡವರು ಇದನ್ನು ಮರೆಯಲೇಬಾರದು.

ಅಳತೆಯ ವಿಷಯದಲ್ಲಿ ಆಸೆಗೆ ಕಡಿವಾಣ ಬೇಕು. 31 ಇಂಚಿನಿಂದ 33 ಇಂಚಿಗೆ ಹೋದರೆ ಆಕ್ಸಲ್ ಕೆಳಗಿನ ಎತ್ತರ ಏರುವುದು ಒಂದೇ ಇಂಚು, ಏಕೆಂದರೆ ವ್ಯಾಸದ ಅರ್ಧ ಮಾತ್ರ ಕೆಳಗಿರುತ್ತದೆ. ಅದಕ್ಕೆ ತೆರುವ ಬೆಲೆ ಬೇರೆ: ಗೇರಿಂಗ್ ಶೇಕಡಾ 6ರಷ್ಟು ಉದ್ದವಾಗಿ, ಅಂದರೆ ಚಕ್ರದ ಒಂದು ಸುತ್ತಿಗೆ ಗಾಡಿ ಅಷ್ಟು ಹೆಚ್ಚು ದೂರ ಹೋಗಬೇಕಾಗಿ, ಎಳೆತ ಸೊರಗುತ್ತದೆ, ಬ್ರೇಕಿಗೆ ಶ್ರಮ ಹೆಚ್ಚುತ್ತದೆ, ಸ್ಪೀಡೋಮೀಟರ್ 94 ತೋರಿಸುವಾಗ ಗಾಡಿ 100ರಲ್ಲಿ ಓಡುತ್ತಿರುತ್ತದೆ. ಅದೇ ಅಳತೆಯ ಒಳ್ಳೆ ಆಲ್ ಟೆರೇನ್ ಹಾಕಿ ಒಂದು ಋತು ಓಡಿಸಿ ನೋಡುವುದರಲ್ಲಿ ನಷ್ಟವಿಲ್ಲ. ಇನ್ನೊಂದು ಮಾತು. ಭಾರ ಹೊರಲೆಂದೇ ಮಾಡಿದ ಇ ಲೋಡ್ ರೇಂಜ್ ಟೈರಿನ ಗೋಡೆ ಬಹಳ ಗಡಸು. ಹಗುರ ಗಾಡಿಗೆ ಹಾಕಿದರೆ ಗಾಳಿ ಇಳಿಸಿದರೂ ಅದು ಅಷ್ಟಾಗಿ ಬಾಗುವುದಿಲ್ಲ.

ಈಗ ಮೊದಲಿನ ಲೆಕ್ಕಕ್ಕೆ ವಾಪಸ್. ಒಳ್ಳೆ ಟೈರ್ ಮತ್ತು ಕಡಿಮೆ ಗಾಳಿಯಿಂದ ಜೇಡಿಮಣ್ಣಿನ ಚಕ್ರ 200ರ ಬದಲು 350 ತಡೆಯಿತು ಅನ್ನೋಣ. ಓಪನ್ ಡಿಫರೆನ್ಷಿಯಲ್‌ನಲ್ಲೇ ಒಟ್ಟು 700 ಆಯಿತು. ಆ ದಿಬ್ಬಕ್ಕೆ ಇನ್ನೂ ಸಾಲದು. ಆದರೆ ಅದಕ್ಕಿಂತ ಸಣ್ಣ ದಿಬ್ಬಗಳೆಲ್ಲ ಈಗ ನಿಮ್ಮವು. ಕೆಸರಿನ ಬಯಲಲ್ಲೂ 400ರ ಜಾಗಕ್ಕೆ 700 ಬಂತು. ಲಾಕರ್ ಅಲ್ಲಿ ಏನೂ ಕೊಟ್ಟಿರಲಿಲ್ಲ, ನೆನಪಿದೆಯಲ್ಲ?

ಒಂದು ಚಕ್ರ ಗಾಳಿಯಲ್ಲಿದ್ದಾಗ

ವಿಡಿಯೋದಲ್ಲಿ ಹಿಂದಿನ ಒಂದು ಚಕ್ರ, ಅದಕ್ಕೆ ಮೂಲೆಯಿಂದ ಮೂಲೆಗೆ ಎದುರಾಗಿರುವ ಮುಂದಿನ ಒಂದು ಚಕ್ರ ಮಾತ್ರ ತಿರುಗುತ್ತಿದೆಯೇ? ಉಳಿದೆರಡು ಗಟ್ಟಿ ನೆಲದ ಮೇಲೆ ಸುಮ್ಮನೆ ಕೂತಿವೆಯೇ? ಹಳ್ಳದಂಥ ಜಾಗದಲ್ಲಿ ಗಾಡಿ ಓರೆಯಾಗಿ ನಿಂತಾಗ ಆಗುವುದು ಇದೇ. ಟೈರ್ ಎಷ್ಟೇ ಒಳ್ಳೆಯದಿರಲಿ, ಗಾಳಿಯಲ್ಲಿ ತೇಲುವ ಚಕ್ರದ ಹಿಡಿತ ಸೊನ್ನೆ. ಓಪನ್ ಡಿಫರೆನ್ಷಿಯಲ್‌ನಲ್ಲಿ ಸೊನ್ನೆಯ ಜೊತೆಗಾರನಿಗೂ ಸೊನ್ನೆ. ನೀವು ಟೈರಿನ ಕೆಲಸ ಮುಗಿಸಿದ್ದೀರಿ ಅಂತಾದರೆ, ಈಗ ಡಿಫರೆನ್ಷಿಯಲ್ ಕಡೆ ನೋಡುವ ಸಮಯ.

ಹೊಸ ಟ್ರಕ್ ಇದ್ದವರು ಮೊದಲು ತಮ್ಮ ಗಾಡಿಯ ಟ್ರಾಕ್ಷನ್ ಕಂಟ್ರೋಲ್ ಏನು ಮಾಡುತ್ತದೆ ಅಂತ ಕಲಿಯಬೇಕು. ಅದು ಸುಮ್ನೆ ತಿರುಗುವ ಚಕ್ರಕ್ಕೆ ಬ್ರೇಕ್ ಹಿಡಿಯುತ್ತದೆ. ಆ ಬ್ರೇಕಿನ ತಡೆಯನ್ನೂ ಡಿಫರೆನ್ಷಿಯಲ್ ಹಿಡಿತ ಅಂತಲೇ ಎಣಿಸುತ್ತದೆ, ಆಚೆ ಕಡೆಗೂ ಅಷ್ಟು ಟಾರ್ಕ್ ಕಳಿಸುತ್ತದೆ. ಒಳ್ಳೆ ಉಪಾಯ. ಕೊರತೆ ಎರಡು: ಚಕ್ರ ಮೊದಲು ಜಾರಬೇಕು, ಆಮೇಲಷ್ಟೇ ಅದು ಎಚ್ಚರಗೊಳ್ಳುತ್ತದೆ. ಮತ್ತು ಎಂಜಿನ್ನಿನ ಒಂದಿಷ್ಟು ಶಕ್ತಿ ಬ್ರೇಕ್ ಬಿಸಿ ಮಾಡುವುದಕ್ಕೇ ಹೋಗುತ್ತದೆ. ಬಹಳ ಜನ ಚಕ್ರ ತಿರುಗಿದ ಕೂಡಲೇ ಹೆದರಿ ಎಕ್ಸಿಲರೇಟರ್ ಬಿಟ್ಟುಬಿಡುತ್ತಾರೆ. ಒಂದೇ ಸಮ ಹಿಡಿದಿಟ್ಟರೆ ಒಂದೆರಡು ಕ್ಷಣದಲ್ಲಿ ಅದು ಕಚ್ಚಿಕೊಂಡು ಗಾಡಿ ಹೊರಬರುತ್ತದೆ. ಇದಕ್ಕೆ ಕಾಸೂ ಖರ್ಚಿಲ್ಲ.

ಅದಕ್ಕಿಂತ ಮುಂದೆ ಹೋಗಬೇಕಾದರೆ ಲಿಮಿಟೆಡ್ ಸ್ಲಿಪ್ (ಒಂದು ಚಕ್ರ ಜಾರುವುದಕ್ಕೆ ಮಿತಿ ಹಾಕುವ ಡಿಫರೆನ್ಷಿಯಲ್) ಅಥವಾ ಲಾಕರ್. ಲಿಮಿಟೆಡ್ ಸ್ಲಿಪ್‌ನಲ್ಲಿ ಕ್ಲಚ್ ತಟ್ಟೆಗಳದ್ದು ಒಂದು ಬಗೆ. ಅವು ಸವೆಯುತ್ತವೆ, ವಿಶೇಷ ಆಯಿಲ್ ಬೇಡುತ್ತವೆ. ಗೇರುಗಳದ್ದು ಇನ್ನೊಂದು ಬಗೆ. ಅದರಲ್ಲಿ ಹೆಸರುವಾಸಿ ಟಾರ್ಸನ್, ಅಮೆರಿಕದ ವರ್ನನ್ ಗ್ಲೀಸ್‌ಮನ್ 1958ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದಿಂದ ಬೆಳೆದದ್ದು. ಇದು ಜಾರುವ ಚಕ್ರ ತಡೆಯುವ ಟಾರ್ಕಿನ ಮೂರರಷ್ಟನ್ನೋ ಎರಡೂವರೆಯಷ್ಟನ್ನೋ ಗಟ್ಟಿ ಚಕ್ರಕ್ಕೆ ಕೊಡುತ್ತದೆ. ನಮ್ಮ ಲೆಕ್ಕದಲ್ಲಿ ಹಳೆ ಟೈರಿನೊಂದಿಗೆ 200 ಮತ್ತು 600, ಒಟ್ಟು 800. ದಿಬ್ಬ ಹತ್ತಲು 200 ಕಡಿಮೆ. ಹೊಸ ಟೈರಿನೊಂದಿಗೆ 350 ಮತ್ತು 1050, ಒಟ್ಟು 1400. ಹತ್ತಿತು! ಟೈರ್ ಮೊದಲು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ನನ್ನ ಬಳಿ ಇಲ್ಲ. ಆದರೆ ಚಕ್ರ ಗಾಳಿಯಲ್ಲಿದ್ದರೆ ಸೊನ್ನೆಯ ಮೂರರಷ್ಟೂ ಸೊನ್ನೆಯೇ. ಆಗ ಬ್ರೇಕನ್ನು ತುಸು ಒತ್ತಿ ಆ ಚಕ್ರಕ್ಕೆ ಕೃತಕ ತಡೆ ಕೊಡುವುದು ಹಳಬರ ಉಪಾಯ.

ಲಾಕರ್‌ಗಳಲ್ಲಿ ಗುಂಡಿ ಒತ್ತಿ ಹಾಕುವ ಬಗೆ ಎಲ್ಲಕ್ಕಿಂತ ಸಭ್ಯ. ಎಆರ್‌ಬಿ ಕಂಪನಿಯ ಏರ್ ಲಾಕರ್ ಗಾಳಿಯ ಒತ್ತಡದಿಂದ ಕೆಲಸ ಮಾಡುತ್ತದೆ. ಅದರ ಕಂಪ್ರೆಸರ್‌ನಿಂದಲೇ ಟೈರಿಗೂ ಗಾಳಿ ತುಂಬಬಹುದು, ಅದು ಲಾಭ. ಫಿಟ್ಟಿಂಗ್ ಸರಿಯಾಗದಿದ್ದರೆ ಗಾಳಿ ಸೋರುವ ಕಾಟ, ಅದು ನಷ್ಟ. ವಿದ್ಯುತ್ತಿನ ಲಾಕರ್‌ಗೆ ಬರೀ ವೈರಿಂಗ್ ಸಾಕು. ತನ್ನಷ್ಟಕ್ಕೆ ಕಚ್ಚುವ ಡೆಟ್ರಾಯಿಟ್ ಲಾಕರ್‌ನಂಥವು ಬಲು ಗಟ್ಟಿ, ಆದರೆ ಟಾರ್ ರಸ್ತೆಯ ತಿರುವಿನಲ್ಲಿ ಕಟಕಟ ಅನ್ನುತ್ತವೆ, ಮಂಜುಗಡ್ಡೆಯ ರಸ್ತೆಯಲ್ಲಿ ಹಿಂಭಾಗವನ್ನು ಪಕ್ಕಕ್ಕೆ ಎಳೆದುಬಿಡಬಹುದು. ಈಟನ್ ಕಂಪನಿಯ ಯಾಂತ್ರಿಕ ಲಾಕರ್ ಎರಡು ಚಕ್ರಗಳ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಕಂಡಾಗ ತಾನೇ ಕಚ್ಚುತ್ತದೆ. ಇದು ಇರುವ ಗಾಡಿಯಲ್ಲಿ ಚಕ್ರ ಸ್ವಲ್ಪ ಜಾರಲು ಬಿಡಲೇಬೇಕು, ಅದಿಲ್ಲದೆ ಕೆಲಸ ಮಾಡುವುದಿಲ್ಲ. ಲಂಚ್‌ಬಾಕ್ಸ್ ಲಾಕರ್ ಅಂತ ಕರೆಯುವ ಬಗೆ ಒಳಗಿನ ಚಿಕ್ಕ ಗೇರುಗಳ ಜಾಗದಲ್ಲಿ ಕೂರುತ್ತದೆ. ಆಕ್ಸಲ್‌ನ ಮುಖ್ಯ ಗೇರುಗಳಾದ ಕ್ರೌನ್ ವೀಲ್, ಪಿನಿಯನ್ ಜೋಡಣೆ ಮತ್ತೆ ಹೊಂದಿಸುವ ತಲೆನೋವು ಇಲ್ಲ, ಆದ್ದರಿಂದ ಅಗ್ಗ. ಗಟ್ಟಿತನ ಮಾತ್ರ ಡಿಫರೆನ್ಷಿಯಲ್‌ನ ಹಳೆಯ ಕವಚದಷ್ಟೇ.

ಮುಂದೆಯೋ ಹಿಂದೆಯೋ? ಒಂದೇ ಕೊಳ್ಳುವುದಾದರೆ ಹಿಂದೆ. ಏರಿನಲ್ಲಿ ಭಾರ ಹಿಂದಕ್ಕೆ ಸರಿಯುತ್ತದೆ, ಹಿಡಿತವೂ ಅಲ್ಲೇ ಇರುತ್ತದೆ. ಮುಂದೆ ಲಾಕ್ ಮಾಡಿದರೆ ಸ್ಟೀರಿಂಗ್ ಕಲ್ಲಿನಂತೆ ಬಿಗಿಯುತ್ತದೆ. ಇಂಡಿಪೆಂಡೆಂಟ್ ಸಸ್ಪೆನ್ಷನ್ (ಎಡ ಬಲ ಚಕ್ರಗಳು ಬೇರೆ ಬೇರೆಯಾಗಿ ಏರಿಳಿಯುವ ಬಗೆ) ಇರುವ ಗಾಡಿಯಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಒತ್ತಡ ಕೊಟ್ಟರೆ ಚಕ್ರಕ್ಕೆ ಟಾರ್ಕ್ ಸಾಗಿಸುವ ಸಿವಿ ಜಾಯಿಂಟ್ ಮುರಿಯುವುದೂ ಉಂಟು. ಕಂಪನಿಯಿಂದಲೇ ಹಿಂದೆ ಲಾಕರ್ ಬಂದಿದ್ದರೆ ನಿಮ್ಮ ಪಾಲಿನ ದುಡ್ಡೆಲ್ಲ ಟೈರಿಗೇ ಹೋಗಲಿ.

ವಿಡಿಯೋದಲ್ಲಿ ಚಕ್ರಗಳು ತಿರುಗದೆ ಎಂಜಿನ್ನೇ ನಿಂತುಹೋಗುತ್ತಿದ್ದರೆ ಅದು ಹಿಡಿತದ ಸಮಸ್ಯೆ ಅಲ್ಲ, ಗೇರಿಂಗ್ ಸಮಸ್ಯೆ. ಹೊಟ್ಟೆ ಕಲ್ಲಿನ ಮೇಲೆ ಕೂತಿದ್ದರೆ ಎತ್ತರದ ಸಮಸ್ಯೆ, ಅಥವಾ ದಾರಿ ಆರಿಸಿದ ಕಣ್ಣಿನ ಸಮಸ್ಯೆ. ಲಿಫ್ಟ್ ಕಿಟ್ ಹಿಡಿತ ಕೊಡುವುದಿಲ್ಲ, ಗಾಡಿಯ ಭಾರಕೇಂದ್ರವನ್ನು ಮೇಲೆತ್ತುತ್ತದೆ. ವಿಂಚ್ ಕೂಡ ಹಿಡಿತ ಅಲ್ಲ, ಹಿಡಿತ ಹೋದ ಮೇಲಿನ ದಾರಿ. ಒಬ್ಬರೇ ಹೋಗುವವರು ಒಂದು ಸನಿಕೆ, ಚಕ್ರದ ಕೆಳಗೆ ಇಡುವ ಒಂದು ಜೊತೆ ಟ್ರಾಕ್ಷನ್ ಬೋರ್ಡ್, ಛಾಸಿಗೆ ಬೋಲ್ಟ್ ಮಾಡಿದ ಎಳೆಯುವ ಕೊಕ್ಕೆ ಮೊದಲು ಇಟ್ಟುಕೊಳ್ಳಲಿ. ಟ್ರೈಲರ್ ಸಿಕ್ಕಿಸುವ ಚೆಂಡಿನಾಕಾರದ ಕೊಂಡಿಗೆ (ಟೋ ಬಾಲ್) ಹಗ್ಗ ಹಾಕಿ ಎಳೆಯುವುದು ಬೇಡವೇ ಬೇಡ. ಅದು ಮುರಿದರೆ ಗುಂಡಿನಂತೆ ಹಾರುತ್ತದೆ, ಜನ ಸತ್ತಿದ್ದಾರೆ.

ಟೈರ್, ಗೇರ್, ಲಾಕರ್ ಮೂರಕ್ಕೂ ಒಂದು ಗಂಟು ಇದೆ, ಅದನ್ನು ಗಮನಿಸದೆ ದುಡ್ಡು ಕಳೆದುಕೊಂಡವರು ಬಹಳ. ದೊಡ್ಡ ಟೈರ್ ಹಾಕಿದರೆ ಮುಂದೊಂದು ದಿನ ಆಕ್ಸಲ್ ಗೇರ್ ಅನುಪಾತ ಬದಲಿಸಬೇಕಾಗಬಹುದು, ಅದೂ ಮುಂದೆ ಹಿಂದೆ ಎರಡೂ ಕಡೆ. ಕೆಲವು ಆಕ್ಸಲ್‌ಗಳಲ್ಲಿ ಅನುಪಾತ ಒಂದು ಗೆರೆ ದಾಟಿದರೆ ಡಿಫರೆನ್ಷಿಯಲ್ ಕವಚವೇ ಬೇರೆ. ಡೇನಾ 44 ಅನ್ನುವ ಆಕ್ಸಲ್‌ನಲ್ಲಿ ಆ ಗೆರೆ 3.73 ಮತ್ತು 3.92ರ ನಡುವೆ ಬರುತ್ತದೆ. ಇವತ್ತು 3.73ಕ್ಕೆ ಲಾಕರ್ ಕೊಂಡು ನಾಳೆ 4.56 ಗೇರ್ ಹಾಕಲು ಹೊರಟರೆ ಆ ಲಾಕರ್ ನೇರವಾಗಿ ಕೂರುವುದಿಲ್ಲ. ಅಲ್ಲದೆ ಗೇರ್ ಬದಲಿಸಲೂ ಲಾಕರ್ ಹಾಕಲೂ ಬಿಚ್ಚಬೇಕಾದ್ದು ಅದೇ ಡಿಫರೆನ್ಷಿಯಲ್. ಎರಡನ್ನೂ ಒಂದೇ ದಿನ ಮಾಡಿಸಿದರೆ ಕೂಲಿ ಒಂದೇ ಸಲ. ಕೊನೆಯ ಟೈರ್ ಅಳತೆ ಯಾವುದು ಅಂತ ತೀರ್ಮಾನವಾಗದೆ ಲಾಕರ್ ಕೊಳ್ಳಬೇಡಿ ಅನ್ನುವುದು ಇದಕ್ಕೇ.

ಲಾಕರ್ ಹಾಕಿಸಿದ ಮೇಲೆ ಮೊದಲ ದಿನ ಸಮತಟ್ಟಾದ ಸಡಿಲ ಮಣ್ಣಿನ ಜಾಗದಲ್ಲಿ ಓಡಿಸಿ. ಗುಂಡಿ ಒತ್ತಿದ ಕ್ಷಣಕ್ಕೇ ಹಲ್ಲು ಕಚ್ಚುವುದಿಲ್ಲ, ಚಕ್ರ ಕಾಲು ಸುತ್ತೋ ಅರ್ಧ ಸುತ್ತೋ ಉರುಳಬೇಕಾಗಬಹುದು. ದೀಪ ಹೊತ್ತುವವರೆಗೆ ಕಾಯಿರಿ. ಅಡ್ಡಿ ಎದುರಾಗುವ ಮೊದಲೇ ಲಾಕ್ ಮಾಡಿ, ಒಂದು ಚಕ್ರ ಭರ್ರೆಂದು ತಿರುಗುತ್ತಿರುವಾಗ ಅಲ್ಲ. ಆ ಹೊಡೆತಕ್ಕೆ ಶಾಫ್ಟ್ ತುಂಡಾಗಬಹುದು. ಪಕ್ಕಕ್ಕೆ ವಾಲಿದ ಜಾರುವ ಇಳಿಜಾರಿನಲ್ಲಿ ಲಾಕ್ ಬಿಚ್ಚಿಬಿಡಿ. ಅಲ್ಲಿ ಹಿಂದಿನ ಎರಡೂ ಚಕ್ರ ಒಟ್ಟಿಗೆ ಜಾರಿದರೆ ಗಾಡಿಯ ಹಿಂಭಾಗ ಕೆಳಗಿನ ಕಡೆಗೆ ಮೆಲ್ಲಗೆ ಸರಿಯುತ್ತದೆ, ಓಪನ್ ಡಿಫರೆನ್ಷಿಯಲ್‌ನಲ್ಲಾದರೆ ಒಂದು ಚಕ್ರ ತಿರುಗಿದರೂ ಇನ್ನೊಂದು ಲಂಗರಿನಂತೆ ನೆಲ ಹಿಡಿದಿರುತ್ತದೆ.